ಮುದ್ದೆಯ ಗಾತ್ರ ಮತ್ತು ನನ್ನ ಹಟ

ಕೈತುಂಬ ದುಡ್ಡಿದ್ದರೆ ಯಾರು ಬೇಕಾದರೂ ಅಡುಗೆ ಮಾಡುತ್ತಾರೆ, ಅದರಲ್ಲೇನು ಹೆಚ್ಚುಗಾರಿಕೆ ಎಂದು ನಾನೀಗ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೇನೆ. ಆದರೆ ನಿಜ ಹೇಳಿಬಿಡಬೇಕು. ಆರು ತಿಂಗಳ ಹಿಂದೆ ನಾನು ಹೀಗೆ ಮಾತಾಡುವವಳಲ್ಲ. ಆಗ ನಮ್ಮನೆಯಲ್ಲಿ ಸಾರು ತೆಳ್ಳಗಾದರೆ ಇನ್ನೊಂದು ಹಿಡಿ ಬೇಳೆ ಬೀಳುತ್ತಿತ್ತು. ಸಪ್ಪೆ ಅನ್ನಿಸಿದರೆ ಅರ್ಧ ಹೋಳು ತೆಂಗಿನಕಾಯಿ. ಇಷ್ಟಾದರೂ ಏನೋ ಕಡಿಮೆ ಎನ್ನಿಸಿದರೆ ಮೇಲಿಂದ ಒಂದು ಚಮಚ ತುಪ್ಪ ಸುರಿದು ಮುಚ್ಚಳ ಮುಚ್ಚಿಬಿಡುತ್ತಿದ್ದೆ. ಬಂದ ನೆಂಟರು ಉಂಡು, ನಿನ್ನ ಕೈರುಚಿಯೇ ರುಚಿ ಎಂದು ಹೊಗಳಿ ಹೋಗುತ್ತಿದ್ದರು. ನಾನೂ ನಂಬಿಕೊಂಡಿದ್ದೆ. ಅದು ನನ್ನ ಕೈಯ ರುಚಿಯಲ್ಲ, ದಿನಸಿ ಅಂಗಡಿಯ ರುಚಿ ಎಂದು ಗೊತ್ತಾಗಿದ್ದು ಅಂಗಡಿಗೆ ಬರೆಯುವ ಚೀಟಿ ಅರ್ಧಕ್ಕರ್ಧ ಇಳಿದ ಮೇಲೆ.

ಚೀಟಿ ಇಳಿದದ್ದು ನಮ್ಮ ಮಗಳು ಸಿಂಚನಾಳ ದೆಸೆಯಿಂದ. ಅವಳಿಗೆ ಮೈಸೂರಿನಲ್ಲಿ ನರ್ಸಿಂಗ್ ಸೀಟು ಸಿಕ್ಕಿತು. ಮೊದಲ ಎರಡು ತಿಂಗಳು ಹುಣಸೂರಿನ ನಮ್ಮ ಮನೆಯಿಂದಲೇ ಓಡಾಡಿದಳು. ಕತ್ತಲಲ್ಲೇ ಎದ್ದು ಹೊರಡುವುದು, ಸಂಜೆ ಬಂದು ಚಪ್ಪಲಿ ಬಿಡುವ ಮೊದಲೇ ಗೋಡೆಗೆ ಒರಗಿ ಕಣ್ಣು ಮುಚ್ಚುವುದು. ನಮ್ಮೆಜಮಾನರು ಬಸ್ ಕಂಡಕ್ಟರ್, ಪಿರಿಯಾಪಟ್ಟಣ–ಮೈಸೂರು ಮಾರ್ಗ. ಒಂದು ಸಂಜೆ ಹುಡುಗಿ ಬಸ್ಸಿನಲ್ಲಿ ನಿಂತೇ ನಿದ್ದೆ ಹೋಗಿ, ಹುಣಸೂರು ದಾಟಿ, ಪಿರಿಯಾಪಟ್ಟಣದಲ್ಲಿ ಇಳಿದು ನನಗೆ ಫೋನ್ ಮಾಡಿದಳು. ಬಸ್ಸು ಯಾವುದು ಎಂದು ಕೇಳಿದೆ. ಅಪ್ಪನದೇ ಎಂದಳು. ನೂರು ಜನರಿಗೆ ಊರು ಬಂತು, ಇಳೀರಿ ಎಂದು ಕೂಗುವ ಮನುಷ್ಯ ಸ್ವಂತ ಮಗಳನ್ನು ಇಳಿಸಲು ಮರೆತಿದ್ದರು. ಅಪ್ಪ ಮಗಳು ಇಬ್ಬರೂ ಬೇರೆ ಬಸ್ಸು ಹಿಡಿದು ಮನೆಗೆ ಬಂದಾಗ, ಇವಳು ನಾಳೆಯಿಂದ ಹಾಸ್ಟೆಲ್‌ನಲ್ಲಿ ಇರುತ್ತಾಳೆ ಎಂದು ನಾನು ಹೇಳಿಬಿಟ್ಟೆ.

"ಪಾಸ್ ಅದೆ, ಅಪ್ಪನ್ ಬಸ್ಸೂ ಅದೆ. ಆಸ್ಟೆಲ್ ಯಾಕೆ ಕಣೇ?" ಎಂದರು ಇವರು. ಅವರ ಮಾತಿನಲ್ಲಿ ನ್ಯಾಯ ಇಲ್ಲದೆ ಇರಲಿಲ್ಲ. ಅವರ ಸಂಬಳ ಹೇಳಿಕೊಳ್ಳುವಂಥದ್ದಲ್ಲ, ತಾಲ್ಲೂಕು ಕಚೇರಿ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ನನಗೆ ಬರುವುದು ಹೇಳಿಕೊಳ್ಳಲೇ ಬಾರದಂಥದ್ದು. ಆದರೆ ನನಗೆ ಒಂದು ಹಳೆಯ ಗಾಯವಿದೆ. ನಾನು ಎಚ್.ಡಿ. ಕೋಟೆಯ ಆಚೆ, ಎನ್. ಬೇಗೂರಿನ ಕಡೆಯವಳು. ಕೋಟೆಗೆ ಬಿ.ಕಾಂ. ಓದಲು ಹೋಗುತ್ತಿದ್ದೆ. ಬೆಳಗಿನ ಬಸ್ಸು ಬಂದರೆ ಬಂತು, ಇಲ್ಲವಾದರೆ ಇಲ್ಲ. ಸಂಜೆ ತಪ್ಪಿದರೆ ಮನೆಯಲ್ಲಿ ಅಪ್ಪನ ಮುಖ ನೋಡುವ ಹಾಗಿರಲಿಲ್ಲ. ಎರಡನೇ ವರ್ಷ ಮುಗಿಯುತ್ತಲೇ, ಸಾಕು ಬಿಡು, ಮನೆಯಲ್ಲಿರು ಎಂದರು. ಬಿಟ್ಟೆ. ಆ ಎರಡು ವರ್ಷದ ಅಂಕಪಟ್ಟಿ ಇನ್ನೂ ನನ್ನ ಟ್ರಂಕಿನಲ್ಲಿದೆ. ಜೆರಾಕ್ಸ್ ಅಂಗಡಿಯಲ್ಲಿ ಯಾರ್ಯಾರದೋ ಡಿಗ್ರಿ ಸರ್ಟಿಫಿಕೇಟಿಗೆ ಬೆಳಕು ಹಾಯಿಸಿ ಕೊಡುವಾಗ ಒಂದೊಂದು ದಿನ ನನಗೆ ಹೊಟ್ಟೆ ಉರಿಯುತ್ತದೆ. ಮಗಳಿಗೂ ಹಾಗಾಗುವುದು ನನಗೆ ಬೇಕಿರಲಿಲ್ಲ. ಹಾಸ್ಟೆಲಿನ ದುಡ್ಡನ್ನು ಅಡುಗೆಮನೆಯಿಂದಲೇ ಹೊರಡಿಸುತ್ತೇನೆ, ನೋಡುತ್ತಿರಿ ಎಂದೆ.

"ಅಡ್ಗೆಮನೇಲಿ ನೋಟ್ ಪ್ರಿಂಟ್ ಮಾಡ್ತೀಯಾ?" ಎಂದು ನಕ್ಕು ಅವರು ಮಿರ್ಲೆಗೆ ಫೋನ್ ಹಚ್ಚಿದರು. ಮಿರ್ಲೆಯಲ್ಲಿರುವುದು ನಮ್ಮತ್ತೆ. ದೊಡ್ಡ ಮಗನ ಜೊತೆ ಹೊಲ ಮನೆ ನೋಡಿಕೊಂಡು ಗಟ್ಟಿಮುಟ್ಟಾಗಿದ್ದಾರೆ. ನಮ್ಮ ಮನೆಯ ರಾಗಿ, ಹುರುಳಿ, ಹುಚ್ಚೆಳ್ಳು ಎಲ್ಲ ಅಲ್ಲಿಂದಲೇ ಬರುವುದು. ಅದರ ಜೊತೆಗೆ ತೀರ್ಪುಗಳೂ ಅಲ್ಲಿಂದಲೇ ಬರುತ್ತವೆ, ಇವರು ಅಮ್ಮನ ಮಾತು ಮೀರಿದ್ದನ್ನು ನಾನು ಕಂಡಿಲ್ಲ. ಅತ್ತೆ ಎರಡೂ ಕಡೆಯ ವಾದ ಕೇಳಿ, ಫೋನಿನಲ್ಲೇ ಹೇಳಿದರು: "ನೋಡಮ್ಮಿ, ಮೂರ್ ತಿಂಗ್ಳು ನಿನ್ ಇಷ್ಟದಂಗೇ ಮಾಡು. ಆಮ್ಯಾಕೆ ನಾನೇ ಬಂದ್ ನೋಡ್ತೀನಿ. ನನ್ ಮಗ ಸೊರಗೋಗಿದ್ರೆ ಮಾತ್ರ ಮಗೀನ ಆಸ್ಟ್ಲಿಂದ ಕರ್ಕಬಂದ್ಬುಡಾದೇಯ."

ಹೀಗೆ ನನ್ನ ಮಗಳ ಓದು ನನ್ನ ಗಂಡನ ಮೈಮೇಲೆ ನಿಂತಿತು.

ಮೊದಲು ಮೊಬೈಲಿಗೆ ಶರಣಾದೆ. ಕಡಿಮೆ ಖರ್ಚಿನಲ್ಲಿ ಹೊಟ್ಟೆ ತುಂಬುವ ಊಟ ಎಂದು ಹುಡುಕಿದರೆ ಬೇಕಾದಷ್ಟು ಜನ ಸೆರಗು ಸಿಕ್ಕಿಸಿಕೊಂಡು ನಿಂತಿದ್ದರು. ಅದರಲ್ಲಿ ಒಬ್ಬಾಕೆ ಬಹಳ ನಗುಮುಖದವಳು. ಮನೆಯಲ್ಲೇ ಇರುವ ಪದಾರ್ಥದಲ್ಲಿ ಮಾಡೋಣ ಬನ್ನಿ ಎಂದು ಕರೆದಳು. ಹೋದೆ. ಅವಳ ಮನೆಯಲ್ಲೇ ಇದ್ದದ್ದು ಅಣಬೆ, ಕೆಂಪು ಹಳದಿ ದಪ್ಪ ಮೆಣಸಿನಕಾಯಿ, ಗೋಡಂಬಿ, ಒಂದು ಡಬ್ಬಿ ಕ್ರೀಮು. ನಮ್ಮ ಮನೆಯಲ್ಲೇ ಇದ್ದದ್ದು ರಾಗಿಹಿಟ್ಟು, ಹುರುಳಿ, ಹುಣಸೆಹಣ್ಣು, ಒಣಮೆಣಸಿನಕಾಯಿ ಮತ್ತು ನಾನು. ಫೋನು ಮುಚ್ಚಿಟ್ಟು, ಸತ್ತ ನಮ್ಮಜ್ಜಿಯನ್ನು ನೆನೆಸಿಕೊಂಡೆ. ಅಜ್ಜಿ ವಾರಕ್ಕೆ ನಾಲ್ಕು ದಿನ ಬಸ್ಸಾರು ಮಾಡುತ್ತಿದ್ದಳು. ಸೊಪ್ಪನ್ನೂ ಕಾಳನ್ನೂ ಒಟ್ಟಿಗೆ ಬೇಯಿಸಿ ನೀರು ಬಸಿದುಕೊಂಡರೆ ಆ ನೀರೇ ಕಟ್ಟು. ಕಟ್ಟಿಗೆ ಖಾರ ಅರೆದು ಹಾಕಿದರೆ ಸಾರಾಯಿತು, ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯವಾಯಿತು. ಒಂದೇ ಪಾತ್ರೆ, ಒಂದೇ ಉರಿ. ಸಾರು ಮಾರನೇ ದಿನ ಕುದಿಸಿದರೆ ಇನ್ನೂ ರುಚಿ. ಇಷ್ಟು ಬುದ್ಧಿವಂತಿಕೆಯ ಅಡುಗೆ ನಮ್ಮಲ್ಲೇ ಇರುವಾಗ ನಾನು ಅಣಬೆಯ ಹಿಂದೆ ಹೋಗಿದ್ದೆ.

ಈ ಸತ್ಯ ಹೊಳೆದ ಸಂತೋಷದಲ್ಲಿ ಮೊದಲ ಬಸ್ಸಾರಿಗೆ ಹುರುಳಿ ಬೇಯಲು ಇಟ್ಟು, ಪಿರಿಯಾಪಟ್ಟಣದಲ್ಲಿರುವ ತಂಗಿಗೆ ಫೋನ್ ಮಾಡಿದೆ. ನೀವೆಲ್ಲ ಎಷ್ಟು ದಂಡ ಮಾಡುತ್ತೀರಿ, ಒಂದು ತೊಟ್ಟು ಪೋಲಾಗದ ಹಾಗೆ ಸಂಸಾರ ಮಾಡುವುದು ಹೇಗೆ ಗೊತ್ತಾ ಎಂದು ಭಾಷಣ ಶುರು ಮಾಡಿದೆ. ಕೆನ್ನೆಗೂ ಭುಜಕ್ಕೂ ನಡುವೆ ಫೋನು, ಕೈಯಲ್ಲಿ ಪಾತ್ರೆ. ಭಾಷಣದ ಕಾವಿನಲ್ಲಿ ಪಾತ್ರೆಯ ಬಾಯಿಗೆ ತಟ್ಟೆ ಹಿಡಿದು, ಸಿಂಕಿನಲ್ಲಿ ಬಗ್ಗಿಸಿ, ಕಟ್ಟನ್ನೆಲ್ಲ ಸೊಗಸಾಗಿ ಬಸಿದು ಮೋರಿಗೆ ಬಿಟ್ಟೆ. ಕೊನೆಯ ತೊಟ್ಟು ಬೀಳುವಾಗ ಹಬೆಯ ಜೊತೆ ಹುರುಳಿಯ ವಾಸನೆ ಮೂಗಿಗೆ ಬಡಿಯಿತು. ತಂಗಿ ಆ ಕಡೆಯಿಂದ, ಯಾಕಕ್ಕ ಸುಮ್ಮನಾದೆ ಎಂದಳು. ಚಾರ್ಜ್ ಇಲ್ಲ ಎಂದು ಇಟ್ಟುಬಿಟ್ಟೆ.

ಮುದ್ದೆಯನ್ನು ಅಗಿಯುವುದಿಲ್ಲ, ನುಂಗುವುದು. ನುಂಗಬೇಕಾದರೆ ಸಾರು ಬೇಕು. ಆ ದಿನ ಇವರು ತಟ್ಟೆಯ ಮುಂದೆ ಕೂತು ಮುದ್ದೆ ಮುರಿದು, ಒಂದು ತುತ್ತು ಬೆರಳಲ್ಲಿ ಹಿಡಿದು ಕಾದರು. ಕಾದೇ ಕಾದರು. "ಸಾರೆಲ್ಲಿ?" ಎಂದರು. ಮೋರಿಲಿ ಎಂದೆ. ಇವರು ಮಜ್ಜಿಗೆ ಸುರಿದುಕೊಂಡು ಉಂಡೆದ್ದರು. ಅವರು ಬೈದಿದ್ದರೆ ನನಗೆ ಅಷ್ಟು ಬೇಸರ ಆಗುತ್ತಿರಲಿಲ್ಲ.

ಸೊಪ್ಪಿಗೆ ದುಡ್ಡು ಕೊಡುವುದೂ ಆಮೇಲೆ ನಿಂತಿತು. ನಮ್ಮ ಬಡಾವಣೆಯಲ್ಲಿ ಖಾಲಿ ಸೈಟುಗಳು ಬೇಕಾದಷ್ಟಿವೆ. ಮಾಲೀಕರು ಕಲ್ಲು ನೆಟ್ಟು ಹೋದವರು ಮತ್ತೆ ಬಂದಿಲ್ಲ. ಅಲ್ಲಿ ಗಣಿಕೆ, ಕಿರಕಸಾಲೆ, ಅಣ್ಣೆ, ಹೊನಗೊನೆ ಎಲ್ಲವೂ ಹುಲುಸಾಗಿ ಬಂದಿರುತ್ತವೆ. ಎಲ್ಲವನ್ನೂ ಒಂದೊಂದು ಹಿಡಿ ಕಿತ್ತರೆ ಬೆರಕೆ ಸೊಪ್ಪು. ಆದರೆ ಪಟ್ಟಣದ ಬಡಾವಣೆಯಲ್ಲಿ ಹೆಂಗಸು ಬೆಳಗ್ಗೆ ಬಗ್ಗಿ ಸೊಪ್ಪು ಕೀಳುತ್ತಿದ್ದರೆ ನೋಡಿದವರು ಏನಂದುಕೊಂಡಾರು? ಅದಕ್ಕೆ ಮಗಳ ಹಳೆಯ ಬೂಟು ಹಾಕಿಕೊಂಡು ವಾಕಿಂಗ್ ಹೊರಟೆ. ಸಕ್ಕರೆ ಕಾಯಿಲೆ ಬರುವ ಮೊದಲೇ ಎಚ್ಚರಿಕೆ ಎಂದು ಕೇಳಿದವರಿಗೆ ಹೇಳಿದೆ. ಮೂರನೇ ದಿನ ಮೂಲೆ ಸೈಟಿನಲ್ಲಿ, ಎದುರು ಬೀದಿಯ ನಿವೃತ್ತ ಹೆಡ್‌ಮಾಸ್ಟರರ ಹೆಂಡತಿ ಬಗ್ಗಿ ಕೂತಿದ್ದರು. ಅವರ ಕಾಲಿನಲ್ಲೂ ಬೂಟು, ಕೈಯಲ್ಲಿ ಕವರು. ಇಬ್ಬರೂ ಎದ್ದು ನಿಂತು, ವಾಕಿಂಗಾ, ಹೂಂ ವಾಕಿಂಗು ಎಂದು ಮಾತಾಡಿಕೊಂಡು ಬೇರೆ ಬೇರೆ ದಿಕ್ಕಿಗೆ ಹೋದೆವು. ಈಗ ಆ ಸೈಟು ಅವರದು, ಟ್ಯಾಂಕಿನ ಪಕ್ಕದ್ದು ನನ್ನದು.

ಇಷ್ಟೆಲ್ಲ ಮಾಡಿದರೂ ತಿಂಗಳ ಕೊನೆಗೆ ರಾಗಿ ಡಬ್ಬದ ತಳ ಕಾಣತೊಡಗಿತು. ಹೆಚ್ಚಿಗೆ ಕೇಳಿದರೆ ಅತ್ತೆಗೆ ಅನುಮಾನ. ಆಗ ನನಗೆ ಒಂದು ಉಪಾಯ ಹೊಳೆಯಿತು. ನಮ್ಮ ಕಡೆ ಊಟವನ್ನು ಮುದ್ದೆಯಲ್ಲಿ ಎಣಿಸುತ್ತಾರೆ. ಎಷ್ಟು ಮುದ್ದೆ ಉಂಡೆ ಎಂದು ಕೇಳುತ್ತಾರೆಯೇ ಹೊರತು ಎಷ್ಟು ದಪ್ಪದ್ದು ಎಂದು ಯಾರೂ ಕೇಳಿದ್ದಿಲ್ಲ. ಗಂಡಸಿನ ಶಕ್ತಿ, ಆರೋಗ್ಯ, ಮರ್ಯಾದೆ ಎಲ್ಲ ಆ ಎಣಿಕೆಯಲ್ಲೇ ಇದೆ. ನಾನು ಮುದ್ದೆಯನ್ನು ದಿನಕ್ಕೆ ಒಂದಿಷ್ಟೇ ಇಷ್ಟು ಸಣ್ಣದು ಮಾಡುತ್ತಾ ಬಂದೆ. ಎರಡು ಮುದ್ದೆ ಉಣ್ಣುತ್ತಿದ್ದವರು ಒಂದು ದಿನ ಮೂರನೆಯದು ಕೇಳಿದರು. ಮುಖದಲ್ಲಿ ಗೆಲುವೋ ಗೆಲುವು. "ನೋಡೇ, ಮೂರ್ ಮುದ್ದೆ ಹೊಡೀತಾ ಇವ್ನಿ. ವಯಸ್ಸು ಹಿಂದಕ್ ಹೋಯ್ತಾ ಅದೆ ಕಣೇ," ಎಂದರು. ಮಾರನೇ ದಿನ ಬಸ್ಸಿನ ಡ್ರೈವರಿಗೆ ಹೇಳಿದರಂತೆ. ಅವನು ಹೆಂಡತಿಗೆ ಹೇಳಿ, ಆಕೆ ನನಗೆ ಫೋನ್ ಮಾಡಿ, ಏನು ಹಾಕುತ್ತೀರಿ ಅಕ್ಕ ಎಂದು ಕೇಳಿದಳು. ಹುರುಳಿ ಎಂದೆ. ನನ್ನ ಮೂರು ಮುದ್ದೆ ಎಂದರೆ ಹಳೆಯ ಒಂದೂವರೆ. ಇದು ನನಗೆ ಮತ್ತು ರಾಗಿ ಡಬ್ಬಕ್ಕೆ ಮಾತ್ರ ಗೊತ್ತಿತ್ತು.

ಮನಸ್ಸಿಗೆ ಚುಚ್ಚುತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಮಧ್ಯಾಹ್ನಕ್ಕೆ ನಾನು ಕಟ್ಟಿಕೊಡುತ್ತಿದ್ದದ್ದು ದಿನವೂ ಅದೇ, ಎರಡು ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ. ಸಂಜೆ ಡಬ್ಬಿ ತೆರೆದರೆ ಚಟ್ನಿಯ ಗುರುತೂ ಇಲ್ಲದ ಹಾಗೆ ನೆಕ್ಕಿದಂತಿರುತ್ತಿತ್ತು. ಪಾಪ, ಹಸಿವಿಗೆ ಡಬ್ಬಿಯನ್ನೇ ನೆಕ್ಕುವ ಸ್ಥಿತಿಗೆ ತಂದುಬಿಟ್ಟೆನಲ್ಲ ಎಂದು ಎರಡು ಸಲ ಅಡುಗೆಮನೆಯಲ್ಲಿ ನಿಂತು ಅತ್ತಿದ್ದೇನೆ. ಆದರೆ ಭಾನುವಾರ ಸಿಂಚನಾ ಫೋನ್ ಮಾಡಿ, ಅಮ್ಮ ಇವತ್ತು ವಾರ್ಡಿನಲ್ಲಿ ನಾನೇ ಬಿ.ಪಿ. ನೋಡಿದೆ ಎಂದಾಗ ಕಣ್ಣೊರೆಸಿಕೊಂಡು ಮತ್ತೆ ಸಣ್ಣ ಮುದ್ದೆ ಕಟ್ಟುತ್ತಿದ್ದೆ.

ಹೇಳಿದ ಮಾತಿನ ಪ್ರಕಾರ ಮೂರು ತಿಂಗಳಿಗೆ ಸರಿಯಾಗಿ ಅತ್ತೆ ಬಂದರು. ಬಂದವರೇ ಕಾಲು ತೊಳೆದು, ರಾಗಿ ಡಬ್ಬ ಅಲ್ಲಾಡಿಸಿ ನೋಡಿ, ಊಟಕ್ಕೆ ಬಂದು ಕೂತರು. ಅವತ್ತು ಬೆರಕೆ ಸೊಪ್ಪಿನ ಬಸ್ಸಾರು, ಕಟ್ಟನ್ನು ಎರಡು ಕೈಯಲ್ಲಿ ಹಿಡಿದು ಕಾಪಾಡಿದ್ದೆ. ಮಗನ ತಟ್ಟೆಗೆ ಮೂರು ಮುದ್ದೆ ಇಟ್ಟೆ. ಇವರು ಅಮ್ಮನಿಗೆ ಕಾಣುವ ಹಾಗೆ ತಟ್ಟೆಯನ್ನು ಸ್ವಲ್ಪ ಮುಂದಕ್ಕೆ ತಳ್ಳಿ, ಮೂರು ಉಣ್ತೀನಿ ಈಗ ಎಂದರು. ಅತ್ತೆ ಬಗ್ಗಿ ನೋಡಿದರು. ಲೋಟದ ನೀರಿನಲ್ಲಿ ಕೈ ಅದ್ದಿಕೊಂಡು, ಮಗನ ತಟ್ಟೆಯಿಂದ ಎರಡು ಮುದ್ದೆ ಎತ್ತಿ, ಅಂಗೈಯಲ್ಲಿ ಒಟ್ಟು ಸೇರಿಸಿ ನಾಲ್ಕು ಸುತ್ತು ಉರುಳಿಸಿ, ಒಂದೇ ಮುದ್ದೆ ಮಾಡಿ ವಾಪಸು ಇಟ್ಟರು.

"ಈಗ ಒಂದಾಯ್ತು," ಎಂದರು.

ಇವರು ಆ ಮುದ್ದೆಯನ್ನೂ ನನ್ನನ್ನೂ ನೋಡಿದರು. "ಅಂಗಾದ್ರೆ ನಾನ್ ಇಷ್ಟ್ ದಿನ ಉಂಡಿದ್ದು?"

"ಒಂದೂವರೆ ಕಣ್ಲಾ."

ನಾನು ಸೌಟು ಹಿಡಿದುಕೊಂಡು ನಿಂತಿದ್ದೆ. ಮುಗಿಯಿತು, ನಾಳೆ ಹುಡುಗಿಯ ಟ್ರಂಕು ವಾಪಸು ಬರುತ್ತದೆ, ನಾಡಿದ್ದಿನಿಂದ ಅದೇ ಬಸ್ಸು, ಅದೇ ನಿಂತುಕೊಂಡು ನಿದ್ದೆ ಎಂದುಕೊಂಡೆ. ಮಾಡಿದ್ದು ಹೌದು ಅತ್ತೆ, ತಪ್ಪು ಅನ್ನಿಸಿದರೆ ನನ್ನನ್ನು ಬೈಯಿರಿ, ಅವಳ ಓದು ಮಾತ್ರ ಕೆಡಿಸಬೇಡಿ, ನಾನು ಕೆಟ್ಟದ್ದು ಸಾಕು ಎಂದೆ. ದನಿ ಗಟ್ಟಿಯಾಗಿ ಬರಲಿ ಎಂದು ಹೊರಟರೆ ಕೀರಲಾಗಿ ಬಂತು. ಅತ್ತೆ, "ಮೊದ್ಲು ಸಾರು ಬುಡಮ್ಮಿ, ಮುದ್ದೆ ಆರೋಯ್ತದೆ," ಎಂದರು. ಉಂಡಾದ ಮೇಲೂ ಅವರು ತೀರ್ಪು ಹೇಳಲಿಲ್ಲ. ಎರಡು ದಿನ ಇದ್ದರು. ಎರಡು ದಿನವೂ ಮಗ ಅಂಗಿ ಬಿಚ್ಚಿ ಸ್ನಾನಕ್ಕೆ ಹೋಗುವಾಗ, ಊಟಕ್ಕೆ ಬಗ್ಗುವಾಗ, ಹಿಂದಿನಿಂದ ಮುಂದಿನಿಂದ ನೋಡಿದರು. ಜಾತ್ರೆಯಲ್ಲಿ ಎತ್ತು ಕೊಳ್ಳುವವರೂ ಅಷ್ಟು ನೋಡುವುದಿಲ್ಲ.

ಮೂರನೇ ದಿನ ಬೆಳಗ್ಗೆ ಇವರು ಖಾಕಿ ಹಾಕಿಕೊಂಡು ಬೆಲ್ಟು ಬಿಗಿಯುತ್ತಿದ್ದರು. ಅತ್ತೆ ಹತ್ತಿರ ಹೋಗಿ ಬೆಲ್ಟು ಹಿಡಿದರು. ಹಳೆಯ ತೂತಿನ ಹತ್ತಿರ ಚರ್ಮ ಸವೆದು ಗೀರು ಬಿದ್ದಿತ್ತು. ಈಗ ಹಾಕಿಕೊಂಡಿದ್ದದ್ದು ಅದರಿಂದ ಎರಡು ತೂತು ಸಡಿಲಕ್ಕೆ. "ಸೊರಗಿಲ್ಲ ಕಣಮ್ಮಿ, ದಪ್ಪ ಆಗವ್ನೆ," ಎಂದರು ನನ್ನ ಕಡೆ ತಿರುಗಿ. "ಮುದ್ದೆ ಸಣ್ಣದಾದ್ರೂ ಸೊಪ್ಪು ಕಾಳು ಮೈಗ್ ಹತ್ತವೆ. ನನ್ ಮಾತು ಮುಗೀತು. ಮಗು ಅಲ್ಲೇ ಓದ್ಲಿ ಬುಡು." ನಾನು ಮೊದಲು ಮಗಳಿಗೆ ಫೋನ್ ಮಾಡಿದೆ, ಅಂಗಡಿಗೆ ಫೋನ್ ಮಾಡಿ ರಜ ಹೇಳಿದೆ, ಅವತ್ತು ಚಾರ್ಜ್ ಇಲ್ಲ ಎಂದು ಇಟ್ಟಿದ್ದೆನಲ್ಲ, ಆ ತಂಗಿಗೂ ಫೋನ್ ಮಾಡಿ ಭಾಷಣವನ್ನು ನಿಲ್ಲಿಸಿದಲ್ಲಿಂದ ಮುಂದುವರಿಸಿದೆ. ಹುರುಳಿಯ ಮಹಿಮೆಯ ಬಗ್ಗೆ ನಾನು ಆ ಬೆಳಗ್ಗೆ ಹೇಳಿದ್ದನ್ನು ಯಾವ ಡಾಕ್ಟರೂ ಹೇಳಿರಲಾರರು.

ಅತ್ತೆಯನ್ನು ಕಳಿಸಿಕೊಡಲು ನಾನೂ ಹೊರಟೆ. ಹುಣಸೂರಿನಲ್ಲಿ ಇವರ ಬಸ್ಸನ್ನೇ ಹತ್ತಿದೆವು. ಬಿಳಿಕೆರೆಯಲ್ಲಿ ಇಳಿದು ಕೆ.ಆರ್. ನಗರದ ಬಸ್ಸು ಹಿಡಿದರೆ ಅಲ್ಲಿಂದ ಮಿರ್ಲೆ. ಬಿಳಿಕೆರೆಯಲ್ಲಿ ಇವರ ಬಸ್ಸು ಹತ್ತು ನಿಮಿಷ ಟೀಗೆ ನಿಲ್ಲುತ್ತದೆ. ನಾವಿಬ್ಬರೂ ಮೆಟ್ಟಿಲು ಇಳಿಯುತ್ತಿದ್ದ ಹಾಗೆ ಎದುರಿನ ಸಣ್ಣ ಹೋಟೆಲಿನಿಂದ ಹೆಗಲ ಮೇಲೆ ಟವೆಲ್ ಹಾಕಿಕೊಂಡ ಒಬ್ಬರು ಓಡಿ ಬಂದರು. ಇವರು ದೂರದಿಂದಲೇ ಕಣ್ಣು ಮಿಟುಕಿಸಿದರು, ಕೆಮ್ಮಿದರು, ಸೀಟಿಯನ್ನೂ ಊದಿದರು. ಆ ಮನುಷ್ಯನ ಗಮನವೆಲ್ಲ ಇವರ ಕಂಕುಳಲ್ಲಿದ್ದ ನನ್ನ ಡಬ್ಬಿಯ ಮೇಲಿತ್ತು.

"ಕೊಡಣ್ಣೋ ಡಬ್ಬಿಯ. ಉಚ್ಚೆಳ್ಳು ಚಟ್ನಿ ತಾನೇ ಇವತ್ತು? ನಿನ್ ಮಸಾಲೆದೋಸೆ ಅಂಚಿನ ಮ್ಯಾಲೇ ಅದೆ," ಎಂದರು.

ಇವರು ಆಕಾಶ ನೋಡಿದರು. ನಾನು ಇವರನ್ನು ನೋಡಿದೆ. ಕೇಳಿದರೆ ತಿಳಿಯಿತು, ಇದು ಮೂರು ತಿಂಗಳ ವ್ಯವಹಾರ. ಹೋಟೆಲಿನ ಮಾಲೀಕರಿಗೆ ದಿನವೂ ಅದೇ ದೋಸೆ ಇಡ್ಲಿಯ ಹಬೆ ಕುಡಿದು ಬಾಯಿ ಕೆಟ್ಟುಹೋಗಿತ್ತು. ಒಂದು ದಿನ ಇವರ ಡಬ್ಬಿಯಿಂದ ಒಂದು ಚೂರು ರೊಟ್ಟಿ ಮುರಿದುಕೊಂಡರು. ಅವತ್ತಿನಿಂದ ಡಬ್ಬಿ ಅವರಿಗೆ, ಅದಕ್ಕೆ ಬದಲು ಇವರಿಗೆ ಮಸಾಲೆದೋಸೆ, ಮೇಲೆ ಎರಡು ಉದ್ದಿನ ವಡೆ. ನೆಕ್ಕಿದ ಡಬ್ಬಿ ಇವರು ನೆಕ್ಕಿದ್ದಲ್ಲ. ನಾನು ಎರಡು ಸಲ ಅತ್ತದ್ದು ಬಿಳಿಕೆರೆಯ ಹೋಟೆಲಿನವರಿಗೋಸ್ಕರ. ಬೆಲ್ಟಿನ ಎರಡು ತೂತಿಗೆ ಕಾರಣ ಹುರುಳಿಯಲ್ಲ, ಆಲೂಗಡ್ಡೆ ಪಲ್ಯ.

ನನಗೆ ಇವರ ಮೇಲೆ ಬಂದ ಸಿಟ್ಟಿಗಿಂತ ಅತ್ತೆಯ ಮುಖ ನೋಡಿ ಹುಟ್ಟಿದ ಭಯ ದೊಡ್ಡದಾಗಿತ್ತು. ಬೆಳಗ್ಗೆ ಕೊಟ್ಟ ತೀರ್ಪು ನಿಂತಿದ್ದದ್ದೇ ಆ ಬೆಲ್ಟಿನ ಮೇಲೆ. ಅತ್ತೆ ಹೋಟೆಲಿನವರನ್ನು ಕೇಳಿದರು: "ರೊಟ್ಟಿ ಎಂಗಿರ್ತದಪ್ಪ?"

"ಅವ್ವ, ನಮ್ಮವ್ವ ತೀರ್ಕಂಡ್ಮ್ಯಾಲೆ ಅಂತಾ ರೊಟ್ಟಿ ನಾನ್ ತಿಂದಿರ್ನಿಲ್ಲ ಕಣವ್ವ. ಭಾನುವಾರ ಈ ಅಣ್ಣ ರಜ ಹಾಕ್ದಾಗ ನಂಗೆ ಊಟನೇ ಸೇರಕಿಲ್ಲ," ಎಂದರು ಅವರು.

ಅಷ್ಟರಲ್ಲಿ ಕೆ.ಆರ್. ನಗರದ ಬಸ್ಸು ಬಂತು. ಅತ್ತೆ ಹತ್ತಿ, ಕಿಟಕಿ ಪಕ್ಕ ಕೂತರು. ನಾನು ಕಿಟಕಿಯ ಸರಳು ಹಿಡಿದುಕೊಂಡು, ಅತ್ತೆ, ಹುಡುಗಿ ವಿಷಯ ಎಂದೆ. "ಕೊಟ್ ಮಾತು ಕೊಟ್ಟಿದ್ದೇ ಕಣಮ್ಮಿ," ಎಂದರು. "ಓಟ್ಲು ಮಡಗಿರೋನೇ ನಿನ್ ರೊಟ್ಟಿಗೆ ಕಾದ್ ಕುಂತವ್ನೆ ಅಂದ್ರೆ ನೀನ್ ಗೆದ್ದಂಗೇಯ. ಮಗು ಅಲ್ಲೇ ಓದ್ಲಿ. ಇವನ್ ಮುದ್ದೆಯ ಮಾತ್ರ ಇನ್ನೂ ಒಸಿ ಸಣ್ಣಕ್ ಕಟ್ಟು."

ಹಾಗೇ ಕಟ್ಟುತ್ತಿದ್ದೇನೆ. ಇವರೀಗ ನಾಲ್ಕು ಮುದ್ದೆ ಉಣ್ಣುತ್ತಾರೆ. ಮೂರು ತಿಂಗಳು ನನ್ನಿಂದ ಮುಚ್ಚಿಟ್ಟದ್ದಕ್ಕೆ ಒಂದು ವಾರ ಮಾತು ಬಿಟ್ಟಿದ್ದೆ. "ನಾನ್ ಒಂದ್ ರೂಪಾಯ್ನೂ ಕೊಟ್ಟಿಲ್ಲ ಕಣೇ, ನಿನ್ ರೊಟ್ಟಿನೇ ಕೊಟ್ಟಿದ್ದು," ಎಂದು ಇವರು ಹೇಳುತ್ತಲೇ ಇದ್ದರು. ಎಂಟನೇ ದಿನ ನನಗೆ ಆ ಮಾತಿನ ಅರ್ಥ ಸರಿಯಾಗಿ ಹೊಳೆಯಿತು. ಅವತ್ತಿನಿಂದ ಡಬ್ಬಿಗೆ ಎರಡರ ಬದಲು ನಾಲ್ಕು ರೊಟ್ಟಿ ಹಾಕುತ್ತೇನೆ. ಸಂಜೆ ಡಬ್ಬಿಯಲ್ಲಿ ಬಾಳೆ ಎಲೆಯಲ್ಲಿ ಸುತ್ತಿದ ಒಂದು ಮಸಾಲೆದೋಸೆ ನನಗೂ ಬರುತ್ತದೆ. ದುಡ್ಡು ಕೊಟ್ಟು ತಂದದ್ದಲ್ಲವಾದ್ದರಿಂದ ಅದು ನಮ್ಮ ಮನೆಯ ಖರ್ಚಿಗೆ ಸೇರುವುದಿಲ್ಲ. ಆ ಹೊತ್ತಿಗೆ ಸರಿಯಾಗಿ ಸಿಂಚನಾಳ ಫೋನು. ನನಗೋಸ್ಕರ ಎಷ್ಟು ಕಷ್ಟಪಡುತ್ತೀಯ ಅಮ್ಮ, ಇವತ್ತು ಏನು ಊಟ ಎಂದು ಮೆತ್ತಗೆ ಕೇಳುತ್ತಾಳೆ. ಸೊಪ್ಪಿನ ಸಾರು, ಮುದ್ದೆ ಕಣವ್ವ, ನಮಗಿನ್ನೇನು ಬೇಕು ಎನ್ನುತ್ತೇನೆ. ಹೀಗೆ ಹೇಳುವಾಗ ದನಿ ಸ್ವಲ್ಪ ಸಣ್ಣಗಿದ್ದರೆ ಚೆಂದ. ಅದಕ್ಕೇ ಬಾಯಲ್ಲಿರುವ ದೋಸೆಯನ್ನು ಪೂರ್ತಿ ನುಂಗಿದ ಮೇಲೆಯೇ ಮಾತಾಡುತ್ತೇನೆ.